ತಲಾ ಆದಾಯ

“ನಿಮ್ಮೂರಿನ ತಲಾ ಆದಾಯ ದುಪ್ಪಟ್ಟಾಗಿದೆ. ಹಿಂದುಳಿದ ಊರುಗಳ ಪಟ್ಟಿಯಿಂದ ನಿಮ್ಮನ್ನ ತೆಗೆದಿದೀವಿ!” ಗ್ರಾಮಸಭೆಯಲ್ಲಿ ಇಷ್ಟು ಹೇಳಿ ಅಧಿಕಾರಿ ತಾನೇ ಚಪ್ಪಾಳೆ ತಟ್ಟಿದ. ಅಂದರೆ, ಎದೆರೋಗದವರಿಗೆಂದು ವಾರಕ್ಕೊಮ್ಮೆ ಬರುತ್ತಿದ್ದ ಆಸ್ಪತ್ರೆಯ ಗಾಡಿ ಇನ್ನು ಬರುವುದಿಲ್ಲ.

ದುಂಡವ್ವನ ಮೈಯೆಲ್ಲ ಉರಿದುಹೋಯಿತು. ಕಲ್ಲಿನ ಖಣಿಯಲ್ಲಿ ಧೂಳು ಕುಡಿದು ಕುಡಿದು ಅವಳ ಗಂಡ ಕೆಮ್ಮುತ್ತಲೇ ಸತ್ತಿದ್ದ. ಈಗ ಮಗನಿಗೂ ಅದೇ ಕೆಮ್ಮು. ಅವಳು ದಡಕ್ಕನೆ ಎದ್ದು ನಿಂತಳು.

“ಯಾರ ಆದಾಯ ಏರೈತ್ರಿ? ಇಲ್ಲಿ ಯಾರರೆ ಒಬ್ರು ಕೈ ಎತ್ತಲಿ, ನೋಡೂಣು!”

ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರ ಕಣ್ಣೂ ಗುಡ್ಡದ ಮೇಲಿದ್ದ ಖಣಿ ಮಾಲೀಕನ ಬಂಗಲೆಯತ್ತ ಹೊರಳಿದವು.

“ಅವ್ರೂ ನಿಮ್ಮೂರಿನವರೇ ಅಲ್ವೇನಮ್ಮ?” ಅಧಿಕಾರಿ ಸಿಡುಕಿದ. “ಒಂದೇ ಊರು ಅಂದ್ಮೇಲೆ ಇರೋದನ್ನೆಲ್ಲ ಎಲ್ಲರ ತಲೆಗೂ ಸಮನಾಗಿ ಹಂಚ್ತೀವಿ. ಲೆಕ್ಕ ಅಂದ್ರೆ ಅದೇ.”

“ಎಲ್ಲಾರಿಗೂ ಸಮನಾಗಿ?”

“ಹೌದು, ಸಮನಾಗಿ!”

“ಆತು ಬಿಡ್ರಿ,” ಎಂದು ದುಂಡವ್ವ ಸೆರಗು ಕೊಡವಿಕೊಂಡು ಹೊರನಡೆದಳು.

ಮರುದಿನ ಬೆಳಗಾಗುತ್ತಲೇ ಊರಿಗೆ ಊರೇ ಬುಟ್ಟಿ ಹೊತ್ತುಕೊಂಡು ಬಂಗಲೆಯ ಗೇಟಿಗೆ ಬಂದು ನಿಂತಿತು. ಸಭೆಯ ಸುದ್ದಿ ಕೇಳಿದ್ದ ಕಾವಲುಗಾರ ಗಾಬರಿಯಾದ.

“ಏನಬೇ ಯವ್ವಾ, ನಿಮ್ಮ ಪಾಲಿನ ರೊಕ್ಕ ಕೇಳಾಕ ಬಂದೀರೇನು?”

“ಇಲ್ಲಪಾ. ನಿಮ್ಮ ಧಣ್ಯಾರ ಪಾಲು ಕೊಟ್ಟು ಹೋಗಾಕ ಬಂದೀವಿ,” ಎಂದವಳೇ ದುಂಡವ್ವ ಗೇಟು ತಳ್ಳಿ ಒಳನುಗ್ಗಿ, ಬುಟ್ಟಿ ತುಂಬ ತಂದಿದ್ದ ಖಣಿಯ ಧೂಳನ್ನು ಬಂಗಲೆಯ ಬಿಳಿ ಮೆಟ್ಟಿಲ ಮೇಲೆ ಸುರಿದಳು.