ಎರಡನೆಯ ಗೆರೆ

ಮೊದಲ ಏಟು ಕಪಾಳಕ್ಕೆ ಬಿತ್ತು. ಎರಡನೆಯದು ಬಾಯಿಗೆ. ಕನ್ನಡಕ ಹಾರಿ ಛಾವಣಿಯ ಸಿಮೆಂಟಿನ ಮೇಲೆ ಚೂರಾಯಿತು.

"ನಮ್ಮ ಸಿಗ್ನಲ್ ಕೆಡಿಸೋ ಜಾಮರ್ ಎಲ್ಲಿಟ್ಟಿದ್ದೀಯ? ಬೊಗಳು!"

"ಯಾವ ಜಾಮರ್ ಅಣ್ಣಾ? ನಮ್ಮ ನೆಟ್‌ವರ್ಕೂ ಮಲಗಿದೆ..."

"ಅಣ್ಣ ಅನ್ನಬೇಡ. ನೀನು ಆ ಕಂಪನಿಗೆ ಹಾರಿದ ದಿನವೇ ಅಣ್ಣ ಸತ್ತ."

ಮ್ಯಾನೇಜರ ಅವನ ಕೊರಳಪಟ್ಟಿ ಹಿಡಿದು ಆಂಟೆನಾ ಕಂಬಕ್ಕೆ ಗುದ್ದಿದ. ಕನ್ನಡಕದವನು ಒಂದು ಕಾಲದಲ್ಲಿ ಇದೇ ಮ್ಯಾನೇಜರನ ಕೈಕೆಳಗೆ ಕೆಲಸ ಕಲಿತವನು. ಈಗ ಎದುರು ಮೊಬೈಲ್ ಕಂಪನಿಯ ಎಂಜಿನಿಯರ್. ಮ್ಯಾನೇಜರನ ಕಂಪನಿಯ ಗಿರಾಕಿಗಳನ್ನು ಆ ಕಡೆಗೆ ಸೆಳೆಯುವುದೇ ಅವನ ಕಂಪನಿಯ ಕಸುಬು.

ಎದುರು ಕಂಪನಿ ಎಂದರೆ ಮ್ಯಾನೇಜರನಿಗೆ ಮೈಯೆಲ್ಲ ಉರಿ. ಹೆಂಡತಿಯ ಫೋನಿನಲ್ಲಿ ಅವರ ಸಿಮ್ ಕಂಡಾಗ ಅದನ್ನು ಕಿತ್ತು, ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಎಸೆದಿದ್ದ.

"ನಿಮ್ಮದು ಮನೆಯೊಳಗೆ ಸಿಗೋದೇ ಇಲ್ವಲ್ರೀ" ಎಂದಿದ್ದಳು ಅವಳು.

"ಅಪ್‌ಗ್ರೇಡ್ ಆಗಲಿ, ಬಚ್ಚಲಲ್ಲೂ ಸಿಗುತ್ತೆ."



ಅಪ್‌ಗ್ರೇಡ್ ಆಯಿತು. ತರಂಗಾಂತರದ ಹರಾಜಿನಲ್ಲಿ ಎದುರಾಳಿಗಳನ್ನು ಹಿಂದಿಕ್ಕಿ ಗೆದ್ದ ಹೊಸ ತರಂಗಗಳು, ಹೊಸ ಯಂತ್ರಗಳು, ಬೀದಿಬೀದಿಗೂ ಬೋರ್ಡು. ಊರಿನಲ್ಲೆಲ್ಲ ನೆಟ್‌ವರ್ಕ್ ಕುದುರೆಯಂತೆ ಓಡಿತು. ಈ ಪೇಟೆಯಲ್ಲಿ ಮಾತ್ರ ಕುಂಟಿತು. ಕರೆ ಹತ್ತದು. ಹತ್ತಿದರೆ ಅರ್ಧ ಮಾತು ಗಾಳಿಪಾಲು. ಗಿರಾಕಿಗಳು ಅಂಗಡಿಗೆ ಬಂದು ಸಿಮ್ಮನ್ನು ಮೇಜಿನ ಮೇಲೆ ಎಸೆದು ಹೋಗುತ್ತಿದ್ದರು. ಮ್ಯಾನೇಜರನಿಗೆ ಇನ್ನೊಂದು ವಿಚಿತ್ರವೂ ಕಂಡಿತ್ತು. ಸಂಜೆ ಮನೆ ಸೇರಿದರೆ ಎಲ್ಲ ಸರಿ. ಬೆಳಿಗ್ಗೆ ಹೊರಬಿದ್ದರೆ ಮತ್ತೆ ಅದೇ ಗೋಳು. ಯಾರೋ ಹೊತ್ತು ನೋಡಿ ಆಟ ಆಡುತ್ತಿದ್ದಾರೆ ಎಂದು ಅವನು ತೀರ್ಮಾನಿಸಿದ. ಬೇಕೆಂದಾಗ ಹಚ್ಚುತ್ತಾರೆ, ಬೇಡವೆಂದಾಗ ಆರಿಸುತ್ತಾರೆ.

ಆ ಬೆಳಿಗ್ಗೆ ಪೇಟೆಯಾಚೆಗಿನ ದೊಡ್ಡ ಕಚೇರಿಯಲ್ಲಿ ಸಾಹೇಬರು ಎಲ್ಲರೆದುರೇ ಹೇಳಿದ್ದರು: "ಸಂಜೆಯೊಳಗೆ ಕಳ್ಳ ಸಿಗಬೇಕು. ಇಲ್ಲಾಂದ್ರೆ ನಾಳೆ ಆ ಕುರ್ಚೀಲಿ ಬೇರೆಯವರು ಕೂತಿರ್ತಾರೆ."

ಅವಮಾನದಿಂದ ಕಿವಿ ಕೆಂಪಾಗಿ ಹೊರಬಂದಾಗ ಹೆಂಡತಿಯ ಫೋನು. ತನ್ನ ಪಕ್ಕದಲ್ಲಿದ್ದ ಪೇಂಟರನಿಗೆ ಕೇಳಿಸಬಾರದೆಂದು ಪಿಸುಗುಟ್ಟುತ್ತಿದ್ದಳು.

"ಗೇಟಿಗೆ ಬಣ್ಣ ಬಳಿಸ್ತಿದ್ದೀನಿ. ಮನುಷ್ಯ ಕೈಗಿಂತ ಬಾಯೇ ಜಾಸ್ತಿ ಆಡಿಸ್ತಾನೆ. ಯಾವ ಬಣ್ಣ ಅಂತ ಹೇಳಲ್ಲ, ಬಂದು ನೋಡಿ. ಮುಟ್ಟಬೇಡಿ ಮತ್ತೆ, ಹಸಿ ಇರುತ್ತೆ."

"ಇಲ್ಲಿ ನನ್ನ ತಲೆ ಹೋಗ್ತಿದೆ, ನಿನಗೆ ಗೇಟಿನ ಚಿಂತೆ!" ಎಂದು ಅವನು ಕರೆ ಕಡಿದಿದ್ದ.

ತರಂಗದ ಕಳ್ಳನನ್ನು ಹಿಡಿಯಲು ಒಂದು ಕ್ರಮವಿದೆ. ಕೈಯಲ್ಲಿ ಹಿಡಿಯುವ ಆಂಟೆನಾವನ್ನು ಸುತ್ತಲೂ ತಿರುಗಿಸಿ, ಸಿಗ್ನಲ್ ಕೆಡಿಸುವ ಗದ್ದಲ ಜೋರಾದ ದಿಕ್ಕಿಗೆ ನಕ್ಷೆಯಲ್ಲಿ ಒಂದು ಗೆರೆ ಎಳೆಯಬೇಕು. ಬೇರೆ ಕಡೆ ನಿಂತು ಇನ್ನೊಂದು ಗೆರೆ. ಎರಡೂ ಕೂಡಿದಲ್ಲಿ ಕಳ್ಳ. ಮ್ಯಾನೇಜರ ಮುಖ್ಯರಸ್ತೆಯಲ್ಲಿ ಜೀಪು ನಿಲ್ಲಿಸಿ ಮೊದಲ ಗೆರೆ ಎಳೆದ. ಅದು ಎದುರು ಕಂಪನಿಯ ಕಟ್ಟಡದ ನೆತ್ತಿಯ ಮೇಲೇ ಹಾದು ಹಿಂದಿನ ಬೀದಿಗಳತ್ತ ಹೋಯಿತು. ಇನ್ನೊಂದು ಗೆರೆ ಯಾರಿಗೆ ಬೇಕಿತ್ತು? ಜೀಪು ನುಗ್ಗಲಾರದ ಓಣಿಯಲ್ಲಿ ಅವನು ಓಡಿಕೊಂಡೇ ಬಂದು ಛಾವಣಿ ಹತ್ತಿದ್ದ.

ಈಗ ಅವನ ಮುಷ್ಟಿ ಮತ್ತೆ ಎದ್ದಿತು. ಕನ್ನಡಕದವನು ಎರಡೂ ಕೈ ಅಡ್ಡ ಹಿಡಿದು ಮೆಟ್ಟಿಲಿನತ್ತ ಹಿಂದಕ್ಕೆ ಸರಿದ. ಹಲ್ಲಿನ ಸಂದಿಯಲ್ಲೆಲ್ಲ ರಕ್ತ.

"ಎರಡು ಕಡೆಯಿಂದ ಹಿಡಿದ್ರಾ ಅಣ್ಣಾ? ನೀವೇ ಕಲಿಸಿದ್ದಲ್ವಾ? ಯಾರದೋ ಮನೆ ಮೇಲೆ ಕದ್ದು ಮಾರೋ ಸಿಗ್ನಲ್ ಬೂಸ್ಟರ್ ಇರ್ಬೇಕು. ಆ ಮನೆಗೆ ಫುಲ್ ಟವರ್, ಉಳಿದ ಪೇಟೆಗೆಲ್ಲ ಶನಿ."

"ನನಗೇ ಪಾಠ ಹೇಳ್ತೀಯೇನೋ!"

ಎರಡೂ ಅಂಗೈಯಿಂದ ಎದೆಗೆ ನೂಕಿದ. ಕನ್ನಡಕವಿಲ್ಲದ ಕಣ್ಣಿಗೆ ಮೆಟ್ಟಿಲು ಕಾಣಲಿಲ್ಲ. ಉರುಳಿದ. ಕಬ್ಬಿಣದ ಅಂಚಿಗೆ ತಲೆ ಬಡಿದ ಸದ್ದು ಕೆಳಗಿನವರೆಗೂ ಕೇಳಿಸಿತು.

ಮ್ಯಾನೇಜರ ದಡದಡ ಇಳಿದ. ಬಿದ್ದವನ ಕಿವಿಯಿಂದ ರಕ್ತ ಸೋರುತ್ತಿತ್ತು. ಉಸಿರು ಎಳೆದೆಳೆದು ಬರುತ್ತಿತ್ತು.

"ಏಳೋ... ಏಳೋ ತಮ್ಮಾ!"

"ಎತ್ತಬೇಡಿ, ಕತ್ತು ತಿರುಗಿದೆ!" ಕೆಳಗಿನ ಹೊಲಿಗೆ ಅಂಗಡಿಯಾಕೆ ಓಡಿ ಬಂದಳು. "ಆಂಬುಲೆನ್ಸಿಗೆ ಫೋನ್ ಮಾಡಿ!"

ಮ್ಯಾನೇಜರನ ಫೋನು ಹತ್ತಲಿಲ್ಲ. ಬಿದ್ದವನ ಜೇಬಿನ ಫೋನೂ ಹತ್ತಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ಆಕೆಯದೂ ಸತ್ತಿತ್ತು. ರಕ್ತ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

"ಹಿಂದಿನ ಬೀದಿಗೆ ಓಡಿ" ಎಂದಳು ಆಕೆ, ತಲೆಯ ಕೆಳಗೆ ಬಟ್ಟೆ ಒತ್ತುತ್ತ. "ಹಳದಿ ಗೇಟಿನ ಮನೆ. ಅಲ್ಲೊಂದೇ ಕಡೆ ಫೋನ್ ಹತ್ತೋದು. ಈಗ ನಾವೆಲ್ಲ ಅಲ್ಲಿಗೇ ಹೋಗೋದು, ಇವತ್ತೂ ನಾನು ಅಲ್ಲಿಂದಲೇ ಮಾಡಿದ್ದು. ಪುಣ್ಯಾತ್ಗಿತ್ತಿ, ಯಾರು ಕೇಳಿದ್ರೂ ಬಾಗಿಲು ತೆಗೀತಾಳೆ."

ಅವನು ಓಡಿದ. ಕಿವಿಯಲ್ಲಿ ಆ ತಲೆಯ ಸದ್ದೇ ತುಂಬಿತ್ತು. ಎಡಕ್ಕೆ, ಮತ್ತೆ ಬಲಕ್ಕೆ. ತಿರುವುಗಳನ್ನು ಕಾಲುಗಳೇ ತೆಗೆದುಕೊಂಡವು, ಅವನು ಹುಡುಕಿದ್ದು ಬಣ್ಣವನ್ನು ಮಾತ್ರ. ಬೀದಿಯ ಕೊನೆಯಲ್ಲಿ ಹಳದಿ ಕಂಡಿತು. ರಕ್ತದ ಕೈಯಿಂದಲೇ ಗೇಟನ್ನು ನೂಕಿದ.

ಅಂಗೈ ಅಂಟಿಕೊಂಡಿತು.

"ಅಯ್ಯೋ, ಮುಟ್ಟಬೇಡಿ ಅಂತ ಹೇಳಿದ್ನಲ್ರೀ, ಇನ್ನೂ ಹಸಿ ಇದೆ!" ಎನ್ನುತ್ತ ಅವನ ಹೆಂಡತಿ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಫುಲ್ ಟವರ್ ಇದ್ದ ಫೋನು, ತಲೆಯ ಮೇಲ್ಗಡೆ ಛಾವಣಿಯ ನೀರಿನ ಟ್ಯಾಂಕಿಗೆ ಒರಗಿಸಿ ಕಟ್ಟಿದ ಒಂದು ಪುಟ್ಟ ಆಂಟೆನಾ.