ಚೌಕಾಸಿ ಮಾಡದ ಗಿರಾಕಿ

ಹಾರ್ಬಿನ್‌ಗೆ ಹೋಗಬೇಕಾದ ಲಾರಿ ಸೇತುವೆ ದಾಟಿ ಎಡಕ್ಕೆ ಹೊರಳಿತು. ಉತ್ತರದ ಹೆದ್ದಾರಿ ಇದ್ದದ್ದು ಬಲಕ್ಕೆ.

ಹಿಂದೆ ಕಾರಿನಲ್ಲಿದ್ದ ಬೋರುಯ್ ತಾನೂ ಎಡಕ್ಕೆ ಹೊರಳಿಸಿದ. ಲಾರಿಯಲ್ಲಿದ್ದದ್ದು ಅವನದೇ ಮಾಲು, ನಲವತ್ತು ಪೆಟ್ಟಿಗೆ ತಂಪು ಕನ್ನಡಕ. ಕೊಂಡವನು ಹಾರ್ಬಿನ್‌ನ ಲುವಾನ್. ಆರು ವರ್ಷಗಳಿಂದ ಅವನೇ ಅತಿ ದೊಡ್ಡ ಗಿರಾಕಿ. ಫೋನಿನಲ್ಲೇ ಆರ್ಡರ್, ಮುಂಗಡವಾಗಿಯೇ ಹಣ, ಒಂದು ಯುವಾನ್‌ನ ಚೌಕಾಸಿಯೂ ಇಲ್ಲ. ವೆನ್‌ಝೌ ಪೇಟೆಯ ಅರ್ಧ ಜನ ಬೋರುಯ್‌ನನ್ನು ಹೊಗಳುತ್ತಿದ್ದರು, ಉಳಿದರ್ಧ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

"ಹಾರ್ಬಿನ್ ಲಾರಿ ನಿಮ್ಮೂರ ಗುಡ್ಡ ಯಾಕಪ್ಪಾ ಹತ್ತುತ್ತೆ?" ಎಂದು ಮೊನ್ನೆ ಪಕ್ಕದಂಗಡಿಯ ಮುದುಕಿ ನಕ್ಕಿದ್ದಳು. ಅಂದಿನಿಂದ ಅವನಿಗೆ ನಿದ್ದೆಯಿರಲಿಲ್ಲ.

ಲಾರಿ ನಿಂತದ್ದು ಅಜ್ಜನ ಹಳೇ ಮನೆಯ ಮುಂದೆ. ಬೀಗ ತೆಗೆದವನು ಬೋರುಯ್‌ನ ಅಪ್ಪ, ಅಂಗಿ ಗುಂಡಿ ಕಾರ್ಖಾನೆಯ ಯಜಮಾನ ಚುನ್‌ಗೆನ್.

ಓಹೋ, ಹೀಗೋ ಸಮಾಚಾರ! ಅಪ್ಪನೇ ಮಗನ ಗಿರಾಕಿಗೆ ಬಲೆ ಬೀಸಿದ್ದಾನೆ. 'ಆರು ವರ್ಷ ನಿನ್ನ ಕಾಲ ಮೇಲೆ ನಿಂತು ತೋರಿಸು, ಆಮೇಲೆ ಕಾರ್ಖಾನೆ ನಿನ್ನದು' ಎಂದವನು ಇವನೇ. ಬರುವ ಹೊಸವರ್ಷಕ್ಕೆ ಆರು ತುಂಬುತ್ತಿತ್ತು. ಕೊಡುವ ಮನಸ್ಸಿಲ್ಲದೆ ಮಗನ ಕಾಲಿಗೇ ಕೊಡಲಿ ಹಾಕಲು ಹೊರಟಿದ್ದಾನೆ.

ಚುನ್‌ಗೆನ್‌ಗೆ ವ್ಯಾಪಾರ ರಕ್ತದಲ್ಲೇ ಇತ್ತು. ಹಾಗೆಂದು ಹೇಳುತ್ತಿದ್ದವನೂ ಅವನೇ. ವರ್ಷ ತುಂಬಿದ ಮಗು ಮುಂದೆ ಏನಾಗುತ್ತದೆಂದು ನೋಡಲು ಹತ್ತು ವಸ್ತು ಹರಡಿಟ್ಟಾಗ ಅವನು ಹಿಡಿದದ್ದು ತಕ್ಕಡಿಯಂತೆ. ಬೋರುಯ್ ಹಿಡಿದದ್ದು ಕೋಳಿ ಕಾಲು. ಹದಿನೇಳಕ್ಕೇ ಗುಂಡಿ ಮಾರಲು ಕೂತ ಅಪ್ಪನಿಗೆ ಮೂರೇ ತಿಂಗಳಲ್ಲಿ ಪಶ್ಚಿಮದ ಗ್ವೇಝೌ ಗುಡ್ಡಗಾಡಿನಿಂದ ಯಾರೋ ಕಾಗದ ಬರೆದರಂತೆ, ಹೇಳಿದ ಬೆಲೆ ಕೊಟ್ಟು ಮೂರು ವರ್ಷ ಮಾಲು ತರಿಸಿಕೊಂಡರಂತೆ. ಪ್ರತಿ ಮದುವೆಯೂಟದಲ್ಲೂ ಅಕ್ಕಿ ಮದ್ಯ ಒಳಗಿಳಿದ ಮೇಲೆ ಇದೇ ಕಥೆ. "ಇದೆಲ್ಲ ಕಲಿತು ಬರೋದಲ್ರಪ್ಪಾ, ಹುಟ್ಟಿ ಬರಬೇಕು" ಎನ್ನುವಲ್ಲಿಗೆ ಅದು ಮುಗಿಯುತ್ತಿತ್ತು.

ಬೋರುಯ್ ಬಾಗಿಲು ತಳ್ಳಿ ಒಳಗೆ ಹೋದ. ಹೋದವನು ಹಾಗೇ ನಿಂತ.

ನಲವತ್ತು ಪೆಟ್ಟಿಗೆಯಲ್ಲ, ನೂರಾರು. ನೆಲದಿಂದ ತೊಲೆಯವರೆಗೆ, ಆರು ವರ್ಷದ ಮಾಲು. ಎಲ್ಲದರ ಮೇಲೂ ಅವನ ಅಂಗಡಿಯ ಹಸಿರು ಟೇಪು. ಒಂದನ್ನೂ ಕತ್ತರಿಸಿರಲಿಲ್ಲ.

ಪೆಟ್ಟಿಗೆಗಳ ನಡುವೆ, ಕೆಂಪು ಬಟ್ಟೆ ಹೊದ್ದು ಅಜ್ಜನ ಶವಪೆಟ್ಟಿಗೆ ಮಲಗಿತ್ತು. ಊರಿನ ಹಿರಿಯರೆಲ್ಲ ಮಾಡುವಂತೆ ಅಜ್ಜ ಅರವತ್ತು ತುಂಬುವ ಮೊದಲೇ ಅದನ್ನು ಮಾಡಿಸಿಟ್ಟಿದ್ದ. ಅವನು ಸಾಯುವಷ್ಟರಲ್ಲಿ ಹೆಣ ಸುಡಲೇಬೇಕೆಂಬ ಕಾನೂನು ಬಂತು. ಅಜ್ಜ ಬೂದಿಯಾಗಿ ಮಡಕೆ ಸೇರಿದ, ಪೆಟ್ಟಿಗೆ ಇಲ್ಲೇ ಉಳಿಯಿತು. ಒಡೆಯನಿಲ್ಲದ ಶವಪೆಟ್ಟಿಗೆ ಮುಟ್ಟಿದರೆ ಮನೆಯಲ್ಲಿ ಇನ್ನೊಂದು ಸಾವು ಎಂಬ ಭಯ. ಕಳ್ಳರೂ ಈ ಮನೆಯತ್ತ ಸುಳಿಯುತ್ತಿರಲಿಲ್ಲ.

"ಲುವಾನ್ ಎಲ್ಲಿ?" ಬೋರುಯ್ ಕೇಳಿದ.

"ಎದುರಿಗೇ ಇದೀನಲ್ಲ." ಚುನ್‌ಗೆನ್ ಸಿಗರೇಟು ಹಚ್ಚಿದ. "ಫೋನಲ್ಲಿ ಮಾತಾಡೋನು ಲಾರಿ ಡ್ರೈವರು. ಅವನು ಆ ಕಡೆಯವನೇ, ಮಾತಿನ ಧಾಟಿ ಸರಿ ಹೋಗುತ್ತೆ ಅಂತ."

"ಎಲ್ಲಾನೂ ನೀನೇ ಕೊಂಡ್ಯಾ?"

"ಇನ್ಯಾರು ಕೊಳ್ತಿದ್ರು? ಚುನ್‌ಗೆನ್ ಮಗನ ಅಂಗಡಿ ಮೂರೇ ತಿಂಗಳಿಗೆ ಮುಚ್ಚಿತು ಅಂತ ಪೇಟೆಯೆಲ್ಲ ನಗಬೇಕಿತ್ತಾ?"

"ಒಂದು ಮಾತು ಹೇಳಬಹುದಿತ್ತಲ್ಲಪ್ಪಾ."

"ಹೇಳಬೇಕಾ? ಆರು ವರ್ಷ ಒಬ್ಬ ಚೌಕಾಸಿ ಇಲ್ಲದೆ ಕೊಳ್ತಾನೆ ಅಂದ್ರೆ, ರಕ್ತದಲ್ಲಿ ವ್ಯಾಪಾರ ಇರೋನಿಗೆ ಆರೇ ದಿನದಲ್ಲಿ ವಾಸನೆ ಹೊಡೆಯುತ್ತೆ. ನಿನಗೆ ಹೊಡೀಲಿಲ್ಲ." ಚುನ್‌ಗೆನ್‌ನ ದನಿ ಮೃದುವಾಯಿತು. ಅದೇ ಹೆಚ್ಚು ನೋಯಿಸಿತು. "ಹುಟ್ಟುಗುಣ ಮಗಾ, ನಿನ್ನ ತಪ್ಪಲ್ಲ. ಕಾರ್ಖಾನೆ ನಿನ್ನ ಭಾವನಿಗೆ. ಕಾಗದಪತ್ರ ಆಗಿಹೋಗಿದೆ."

ಗಿರಾಕಿಯನ್ನು ಕದ್ದಿದ್ದರೇ ವಾಸಿಯಿತ್ತು ಎನಿಸಿತು ಬೋರುಯ್‌ಗೆ. ಕದ್ದಿದ್ದರೆ, ಒಬ್ಬ ಗಿರಾಕಿಯಾದರೂ ಇದ್ದ ಎಂದಾಗುತ್ತಿತ್ತು. ಆರು ವರ್ಷ ಬೆಳಗಾಗೆದ್ದು ಅಂಗಡಿ ತೆರೆದದ್ದು, ಮಾಲು ಆರಿಸಿದ್ದು, ಗೆದ್ದೆನೆಂದು ಬೀಗಿದ್ದು, ಎಲ್ಲ ಅಪ್ಪ ಆಡಿಸಿದ ಆಟ. ನಂಬಿದವನೇ ಕುತ್ತಿಗೆ ಕೊಯ್ದಿದ್ದ.

"ಅಜ್ಜ ಊರೂರಲ್ಲಿ ಹತ್ತಿ ಹಿಂಜಿಕೊಂಡಿದ್ದವನು, ಒಂದು ಸೂಜಿ ಮಾರಿದವನಲ್ಲ," ಎಂದ ಬೋರುಯ್. "ನಿನ್ನ ರಕ್ತಕ್ಕೆ ಮಾತ್ರ ಅದೆಲ್ಲಿಂದ ಬಂತು?"

"ಆ ಮುದುಕನಾ? ವರ್ಷದಲ್ಲಿ ಎಂಟು ತಿಂಗಳು ಪಶ್ಚಿಮದ ಗುಡ್ಡದಲ್ಲಿ ಅಲೆದು, ಹರಕಲು ಕೋಟಲ್ಲೇ ವಾಪಸ್ ಬರ್ತಿದ್ದ. ದುಡಿದದ್ದನ್ನ ಏನು ಮಾಡ್ತಿದ್ನೋ ಅವನಿಗೇ ಗೊತ್ತು. ಅವನಿಂದ ನನಗೆ ನಯಾಪೈಸೆ ಬಂದಿಲ್ಲ. ನಾನು ಹುಟ್ಟಿದ್ದೇ ಹೀಗೆ."

ಬೋರುಯ್ ಎದುರಿಗಿದ್ದ ಸಾಲಿಗೆ ಜಾಡಿಸಿ ಒದ್ದ.

ಪೆಟ್ಟಿಗೆಗಳು ಒಂದರ ಮೇಲೊಂದು ಉರುಳಿದವು. ಮೇಲಿನ ನಾಲ್ಕೈದು ಹೋಗಿ ಶವಪೆಟ್ಟಿಗೆಗೆ ಬಡಿದವು. ಮೊಳೆ ಹೊಡೆಯದ ಮುಚ್ಚಳ ಕಿರ್ರೆಂದು ಜಾರಿ ನೆಲಕ್ಕೆ ಬಿತ್ತು.

"ಮುಟ್ಟಬೇಡ!" ಎಂದು ಚುನ್‌ಗೆನ್ ಚೀರಿದ.

ಪೆಟ್ಟಿಗೆ ಖಾಲಿಯಿರಲಿಲ್ಲ. ಒಳಗೆ ಕಂಠದವರೆಗೂ ಕಂದು ಕಾಗದದ ಪೊಟ್ಟಣಗಳು. ಒಂದು ಉರುಳಿ ಚುನ್‌ಗೆನ್‌ನ ಕಾಲ ಬಳಿ ಬಿತ್ತು. ಎತ್ತಿದಾಗ ಒಳಗೆ ಗುಂಡಿಗಳು ಕುಲುಕಿದವು. ಅವನು ಅದನ್ನು ಬೆಳಕಿಗೆ ಹಿಡಿದ. ಆಮೇಲೆ ಮಗನ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟ.

ಪೊಟ್ಟಣದ ಮೇಲಿದ್ದ ಗ್ವೇಝೌ ವಿಳಾಸವನ್ನು ಹದಿನೇಳನೇ ವಯಸ್ಸಿನಲ್ಲಿ ಬರೆದವನು ಅವನೇ. ಅಂಥ ನೂರಾರು ಪೊಟ್ಟಣಗಳಲ್ಲಿ ಒಂದರ ದಾರವನ್ನೂ ಅವನ ಅಪ್ಪ ಬಿಚ್ಚಿರಲಿಲ್ಲ.