ಚೆಂಡಿನ ಕೇಸು

ಚೆಂಡು ಮತ್ತೆ ಮಾಯವಾಗಿತ್ತು. ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಚೆಂಡು ತುಂಬುವ ಬಲೆಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಹೆಡ್ ಕಾನ್‌ಸ್ಟೇಬಲ್ ಮೇಡಂ ಬಾಯಿಂದ ಸೀಟಿ ತೆಗೆದು, ಸಾಲಾಗಿ ನಿಂತ ಹುಡುಗಿಯರನ್ನು ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಬುಗುರಿ ಒಬ್ಬಳು ಮಾತ್ರ ಮೇಡಂ ಮುಖವನ್ನೇ ನೋಡುತ್ತಿದ್ದಳು.

"ನಾನೇ ಮೇಡಂ," ಅಂದಳು, ಕೇಳುವ ಮೊದಲೇ.

ಮೇಡಂಗೆ ಮೈಯೆಲ್ಲ ಉರಿಯಿತು. ನಾಳೆ ಪಂದ್ಯ. ಇನ್ನೊಂದು ಸಲ ಚೆಂಡು ಹೋದರೆ ಆ ಹುಡುಗಿಯನ್ನು ತಂಡದಿಂದ ಕಿತ್ತುಹಾಕಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ನಿನ್ನೆಯಷ್ಟೇ ಹೇಳಿದ್ದರು. ಅದನ್ನು ಮೇಡಂ ಬುಗುರಿಯ ಕಿವಿಗೇ ಹಾಕಿದ್ದರು. ಆದರೂ ಇವತ್ತು ಇದು.

ಠಾಣೆಯ ಹಿಂದಿನ ಖಾಲಿ ಜಾಗದಲ್ಲಿ ಶಾಲೆ ಬಿಟ್ಟ ಮೇಲೆ ಆಟ, ಆಮೇಲೆ ಹೋಂವರ್ಕು. ಸುತ್ತಲಿನ ಓಣಿಗಳ ಮಕ್ಕಳು ದಾರಿ ತಪ್ಪಬಾರದು, ಖಾಕಿ ಕಂಡರೆ ಓಡಬಾರದು ಎಂದು ಪೊಲೀಸರೇ ನಡೆಸುವ ಕಾರ್ಯಕ್ರಮ. ಮೇಡಂ ಬಯಸಿ ಪಡೆದ ಕೆಲಸವೇನಲ್ಲ. ಹಗಲೆಲ್ಲ ಚೌಕದಲ್ಲಿ ವಾಹನಗಳ ಹೊಗೆ ಕುಡಿದು, ಸಂಜೆ ಇಲ್ಲಿ ಗಂಟಲು ಹರಿದುಕೊಳ್ಳಬೇಕು. ಆದರೆ ವಾಲಿಬಾಲ್ ತಂಡ ಕಟ್ಟಿದ ಮೇಲೆ ಮನಸ್ಸು ಅಂಟಿಕೊಂಡಿತ್ತು. ಅದಕ್ಕೆ ಕಾರಣ ಬುಗುರಿ. ನಿಂತಲ್ಲೇ ಗಿರ್ರನೆ ತಿರುಗಿ ಚೆಂಡನ್ನು ಎತ್ತಿಕೊಡುವ ಅವಳಿಲ್ಲದಿದ್ದರೆ ತಂಡ ತಂಡವೇ ಅಲ್ಲ.

ಮಕ್ಕಳ ಮೇಲೆ ಕಳ್ಳತನದ ಕೇಸು ಹಾಕುವಂತಿಲ್ಲ. ಅದರ ಬದಲು, ಉಸ್ತುವಾರಿಯವರು ಅದೇ ಸಂಜೆ ಮಗುವಿನ ಮನೆಗೆ ಹೋಗಿ, ಹಿರಿಯರ ಎದುರು ಬುದ್ಧಿ ಹೇಳಿ ಬರಬೇಕು. ನಿಯಮ ಹುಟ್ಟಿದ್ದು ಸಾಹೇಬರ ತಲೆಯಲ್ಲಿ; ಸವೆದದ್ದು ಮೇಡಂ ಬೂಟು. ಠಾಣೆಯಲ್ಲಿ ನಗೆಪಾಟಲು ಬೇರೆ. ಸಹೋದ್ಯೋಗಿಗಳು ಸಲ್ಯೂಟ್ ಹೊಡೆದು, ಚೆಂಡಿನ ಕೇಸು ಎಲ್ಲಿಗೆ ಬಂತು, ನಾಯಿ ಕರೆಸೋಣವೇ ಎಂದು ಕೇಳುತ್ತಿದ್ದರು.

ನಾಯಿ ಬೇಕಿರಲಿಲ್ಲ. ಕದ್ದ ಚೆಂಡನ್ನು ಬುಗುರಿ ಮಾರುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ. ಅವಳ ಮನೆಯ ಹೊಸ್ತಿಲ ಹತ್ತಿರ, ಚಪ್ಪಲಿಗಳ ನಡುವೆ ಅದು ಆರಾಮವಾಗಿ ಕೂತಿರುತ್ತಿತ್ತು. ಬಚ್ಚಿಡುವಷ್ಟೂ ಮೈಬಗ್ಗಿಸದ ಕಳ್ಳಿ.

ಅವಳ ಅಪ್ಪ ಗ್ಯಾರೇಜಿನ ಮೇಸ್ತ್ರಿ. ಹೋದಾಗಲೆಲ್ಲ ಮನೆಯಲ್ಲೇ ಸಿಗುತ್ತಿದ್ದ. ಎರಡೆರಡು ಸಲ ಅಲೆಯುವುದು ತಪ್ಪಿತಲ್ಲ ಎಂದು ಮೇಡಂಗೆ ಅಷ್ಟರಮಟ್ಟಿಗೆ ಸಮಾಧಾನ. ಬಾಗಿಲಲ್ಲಿ ಖಾಕಿ ಕಂಡ ತಕ್ಷಣ ಎದ್ದು ಟಿವಿ ಆರಿಸುತ್ತಿದ್ದ. ತನ್ನ ಟವಲಿನಿಂದಲೇ ಕುರ್ಚಿ ಒರೆಸುತ್ತಿದ್ದ. ಮಗಳಿಗೆ ಬಾಯಲ್ಲೇ ಬುದ್ಧಿ ಹೇಳುತ್ತೇನೆ, ಸಂಸಾರ ಅಂದಮೇಲೆ ಶಾಂತಿ ಮುಖ್ಯ ಎನ್ನುತ್ತಿದ್ದ. ಇಂಥ ತಣ್ಣನೆಯ ಮನುಷ್ಯನ ಹೊಟ್ಟೆಯಲ್ಲಿ ಇಂಥದ್ದು ಹೇಗೆ ಹುಟ್ಟಿತು ಎಂದು ಮೇಡಂಗೆ ಅಯ್ಯೋ ಅನಿಸುತ್ತಿತ್ತು.

ತಾಯಿಯದು ಇನ್ನೊಂದು ಕಾಟ. ಅಡುಗೆಮನೆ ಸೇರಿದರೆ ಕಾಫಿ ಬರುವ ಹೊತ್ತಿಗೆ ಮೇಡಂ ಬುದ್ಧಿಮಾತೆಲ್ಲ ಖಾಲಿಯಾಗಿ, ಗೋಡೆಯ ಕ್ಯಾಲೆಂಡರ್ ಓದುತ್ತಾ ಕೂರಬೇಕಾಗುತ್ತಿತ್ತು. ಕುಡಿದು ಎದ್ದರೆ, ಇನ್ನೊಂದು ಲೋಟ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಅತ್ತ ತಮ್ಮ ಮನೆಯಲ್ಲಿ ಮೇಡಂಗಾಗಿ ಕಾಯುವವರಿದ್ದರು, ಕಾಲು ಪದ ಹೇಳುತ್ತಿತ್ತು. ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು ಒಳಗೊಳಗೇ ಬೈದುಕೊಂಡು ಕೂರುತ್ತಿದ್ದರು.

ಪೊಲೀಸರು ಮನೆ ಬಾಗಿಲಿಗೆ ಬಂದರೆ ಓಣಿಯಲ್ಲಿ ಹುಡುಗಿಯ ಹೆಸರು ಕೆಡುತ್ತದೆ ಎಂದು ಒಮ್ಮೆ ಮೇಡಂಗೇ ಕನಿಕರ ಬಂದಿತ್ತು. ಮುಂದಿನ ಸಲ ಸಾದಾ ಬಟ್ಟೆಯಲ್ಲಿ ಬರುತ್ತೇನೆ ಎಂದಿದ್ದರು.

"ಬೇಡ ಮೇಡಂ. ಯೂನಿಫಾರ್ಮಲ್ಲೇ ಬನ್ನಿ," ಅಂದಿದ್ದಳು ಬುಗುರಿ. "ಟೋಪಿನೂ ಹಾಕ್ಕೊಂಡು ಬನ್ನಿ."

ಆ ಕೊಬ್ಬಿಗೆ ಕೆನ್ನೆಗೆ ಬಾರಿಸಬೇಕು ಅನಿಸಿತ್ತು. ನಾಚಿಕೆಯೇ ಇಲ್ಲದವಳಿಗೆ ಯಾವ ಬುದ್ಧಿ ಹತ್ತೀತು?

ಈಗ ಮೇಡಂ ಉಳಿದವರನ್ನು ಅಭ್ಯಾಸಕ್ಕೆ ಅಟ್ಟಿ, ಬುಗುರಿಯನ್ನು ಶೆಡ್ಡಿನ ಪಕ್ಕಕ್ಕೆ ಕರೆದರು. ಹುಡುಗಿಯ ತೋಳು ಹಿಡಿದು ಅಲುಗಿಸಿ ಏನು ಕೊರತೆ ನಿನಗೆ ಎಂದು ಕೇಳಿದರು. ಅವಳಿಗಾಗಿ ಸಾಹೇಬರ ಹತ್ತಿರ ಹಲ್ಲು ಗಿಂಜಿದ್ದನ್ನು, ಅವಳನ್ನು ನಂಬಿ ಇಡೀ ತಂಡ ಕೂತಿರುವುದನ್ನು ಹೇಳಿದರು. ಆಚೆ ಅವಳಿಲ್ಲದ ಅಂಕಣದಲ್ಲಿ ಉಳಿದಿದ್ದ ಇನ್ನೊಂದು ಚೆಂಡು ಬಲೆಗೆ ಬಡಿದು ಬಡಿದು ಬೀಳುತ್ತಿತ್ತು.

"ಜೆರ್ಸಿ ಬಿಚ್ಚಿಕೊಡು."

ಬುಗುರಿ ಅಂಗಿಯ ಮೇಲೆ ಹಾಕಿದ್ದ ಜೆರ್ಸಿಯನ್ನು ತಲೆಯ ಮೇಲಿಂದ ಎಳೆದು, ಮಡಚಿ, ಕೊಟ್ಟಳು. ಒಂದು ಹನಿ ಕಣ್ಣೀರಿಲ್ಲ. ಈ ಹುಡುಗಿಗಾಗಿ ತಾನು ಸುಮ್ಮನೆ ಜೀವ ತೇದೆ ಎಂದು ಮೇಡಂಗೆ ತನ್ನ ಮೇಲೇ ರೇಗಿತು.

"ನಾಳೆಯಿಂದ ಈ ಕಡೆ ತಲೆ ಹಾಕಬೇಡ," ಎಂದರು. "ಇನ್ನು ನಿಮ್ಮಪ್ಪ ಉಂಟು, ನೀನುಂಟು. ಇವತ್ತೂ ಬರಲ್ಲ, ಇನ್ಯಾವತ್ತೂ ನಿಮ್ಮನೆ ಮೆಟ್ಟಿಲು ಹತ್ತಲ್ಲ. ನನ್ನ ಡ್ಯೂಟಿ ಮುಗೀತು."

ಬುಗುರಿಯ ಮುಖದಿಂದ ರಕ್ತ ಇಳಿದುಹೋಯಿತು. ಎರಡೂ ಕೈಯಲ್ಲಿ ಮೇಡಂ ತೋಳು ಹಿಡಿದುಕೊಂಡಳು.

"ಟೀಮಿಂದ ತೆಗೀರಿ ಮೇಡಂ, ನಾನೇನೂ ಅನ್ನಲ್ಲ. ಮನೆಗೆ ಬರೋದು ಮಾತ್ರ ನಿಲ್ಲಿಸಬೇಡಿ. ನೀವು ಬಂದು ಹೋದ ದಿನ ಅಪ್ಪ ಅಮ್ಮನ್ನ ಹೊಡೆಯಲ್ಲ."